ಮೊಟ್ಟೆಕೋಳಿಯ ಆಹಾರದಲ್ಲಿ ನಾರು ಮತ್ತು ಕಿಣ್ವ

ಜಾನುವಾರು ಆಹಾರದ ನಾರನ್ನು ಅಳೆಯುವ ಕ್ರಮ ರೂಪುಗೊಂಡದ್ದು ಜರ್ಮನಿಯಲ್ಲಿ. ಗಟ್ಟಿಂಗೆನ್ ಬಳಿಯ ವೇಂಡೆ ಪ್ರಯೋಗ ಕೇಂದ್ರದಲ್ಲಿ 1860ರ ದಶಕದಲ್ಲಿ ಹೆನ್ನೆಬರ್ಗ್ ಮತ್ತು ಸ್ಟೋಮಾನ್ ಇದನ್ನು ಬಳಕೆಗೆ ತಂದರು. ಮಾದರಿಯನ್ನು ತೆಳು ಆಮ್ಲದಲ್ಲಿ, ಆಮೇಲೆ ತೆಳು ಕ್ಷಾರದಲ್ಲಿ ಕುದಿಸಿ, ಕರಗದೆ ಉಳಿದದ್ದನ್ನು ತೂಗಿ, ಅದನ್ನು ಸುಟ್ಟ ಬೂದಿಯ ತೂಕ ಕಳೆದರೆ ಸಿಗುವುದು ಕಚ್ಚಾ ನಾರು. ಆಹಾರದ ಚೀಲದ ಮೇಲೆ ಇಂದಿಗೂ ಅಚ್ಚಾಗುವ ಅಂಕಿ ಇದೇ. ದನಕರುಗಳ ಮೇವಿಗೆ ಒದಗಿದ ಈ ಅಳತೆ ಕೋಳಿಗೆ ಸಾಲಲಿಲ್ಲ. ಕೋಳಿಯನ್ನು ಹೆಚ್ಚು ಕಾಡುವುದು ನೀರಿನಲ್ಲಿ ಕರಗುವ ನಾರು. ಅದರ ಬಹುಪಾಲು ಕುದಿಸುವಾಗಲೇ ಕರಗಿ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತಿತ್ತು.

ಈ ಕರಗುವ ನಾರಿನ ಪೆಟ್ಟು ಬಿದ್ದದ್ದು ಬಾರ್ಲಿಯ ನಾಡುಗಳಿಗೆ. ಬಾರ್ಲಿಯ ಬೀಟಾ-ಗ್ಲೂಕನ್ ಕರುಳಿನಲ್ಲಿ ನೀರು ಹೀರಿ ಗಂಜಿಯಂತೆ ಲೋಳೆಯಾಗುತ್ತದೆ. ಅದನ್ನು ಒಡೆಯುವ ಕಿಣ್ವ ಕೋಳಿಯ ದೇಹದಲ್ಲಿ ಇಲ್ಲ. ಮರಿಗಳ ಬೆಳವಣಿಗೆ ಕುಂಠಿತವಾಗುತ್ತದೆ. ಕರುಳು ಬಲಿತ ಮೊಟ್ಟೆಕೋಳಿ ಅಷ್ಟು ಸೊರಗದಿದ್ದರೂ ಅದರ ಹಿಕ್ಕೆ ಅಂಟಾಗಿ ಚಿಪ್ಪಿಗೆ ಮೆತ್ತಿಕೊಳ್ಳುತ್ತದೆ. ಕೊಳೆ ಮೊಟ್ಟೆಗೆ ಬೆಲೆ ಸಿಗದು.

ಆಸ್ಪರ್ಜಿಲ್ಲಸ್ ಒರೈಜೆ ಶಿಲೀಂಧ್ರದಿಂದ ತೆಗೆದ ಕಿಣ್ವವನ್ನು ಕೋಳಿಗೆ ತಿನ್ನಿಸಿ ನೋಡುವ ಯತ್ನ ಅಮೆರಿಕದಲ್ಲಿ 1920ರ ದಶಕದಲ್ಲೇ ನಡೆದಿತ್ತು. ಖಚಿತ ಫಲ ಕಂಡದ್ದು 1957ರಲ್ಲಿ: ಬಾರ್ಲಿಗೆ ಕಿಣ್ವ ಬೆರೆಸಿದರೆ ಮರಿಗಳು ಚೆನ್ನಾಗಿ ಬೆಳೆಯುತ್ತವೆಂದು ವಾಷಿಂಗ್ಟನ್ ರಾಜ್ಯದ ಜೆನ್ಸನ್, ಮೆಕ್‌ಗಿನ್ನಿಸ್ ಮತ್ತು ಸಂಗಡಿಗರು ತೋರಿಸಿದರು. ಅದರ ಹಿಂದಿನ ಕಾರಣ ಲೋಳೆಯೇ ಇರಬೇಕೆಂದು ಸಂಶೋಧಕ ಬರ್ನೆಟ್ 1966ರಲ್ಲಿ ವಾದಿಸಿದರು. ಆದರೂ ಮಾರುಕಟ್ಟೆ ಕದಲಲಿಲ್ಲ. ಅಮೆರಿಕದ ಕೋಳಿಗಳು ತಿನ್ನುತ್ತಿದ್ದುದು ಮೆಕ್ಕೆಜೋಳ. ಅದರಲ್ಲಿ ಈ ಲೋಳೆಯ ಕಾಟವಿಲ್ಲ. ಮೆಕ್ಕೆಜೋಳ ಬಲಿಯದ, ಬಾರ್ಲಿಯನ್ನೇ ನಂಬಿದ್ದ ಫಿನ್ಲೆಂಡಿನಲ್ಲಿ 1984ರಲ್ಲಿ ಬೀಟಾ-ಗ್ಲೂಕನ್ ಒಡೆಯುವ ಕಿಣ್ವ ಗ್ಲೂಕನೇಸ್ ವಾಣಿಜ್ಯ ಆಹಾರಕ್ಕೆ ಸೇರಿತು. ಇಲ್ಲಿ ವಿಜ್ಞಾನಕ್ಕಿಂತ ಹವಾಮಾನದ್ದೇ ಹೆಚ್ಚಿನ ಪಾತ್ರ.

1991ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮಾರುಕಟ್ಟೆಗೆ ಬಂದ ಇನ್ನೊಂದು ಕಿಣ್ವ ಫೈಟೇಸ್ ನಾರನ್ನು ಮುಟ್ಟುವುದಿಲ್ಲ. ಕಾಳಿನ ರಂಜಕದಲ್ಲಿ ಸುಮಾರು ಮೂರನೇ ಎರಡು ಪಾಲು ಫೈಟೇಟ್ ರೂಪದಲ್ಲಿ ಬಂಧಿಯಾಗಿರುತ್ತದೆ. ಅದನ್ನು ಬಿಡಿಸುವುದು ಇದರ ಕೆಲಸ. ಗೊಬ್ಬರದ ರಂಜಕ ಮಣ್ಣು–ನೀರು ಕೆಡಿಸುತ್ತಿದ್ದ ಆ ದೇಶದಲ್ಲಿ ಅದಕ್ಕೆ ಕೂಡಲೇ ಗಿರಾಕಿಗಳು ಸಿಕ್ಕರು.

ಕರಗದ ನಾರಿಗೆ ಮಾನ ಬಂದದ್ದು ತಡವಾಗಿ. ಅದುವರೆಗೆ ಓಟ್ಸ್ ಹೊಟ್ಟು ಎಂದರೆ ಆಹಾರವನ್ನು ತೆಳುವಾಗಿಸುವ ಕಸ. ಒರಟು ಹೊಟ್ಟು ತಿಂದ ಕೋಳಿಯ ಗಿಜರ್ಡ್, ಅಂದರೆ ಕಾಳು ಅರೆಯುವ ಮಾಂಸಲ ಜಠರ, ದೊಡ್ಡದಾಗಿ ಗಟ್ಟಿಯಾಗುತ್ತದೆ. ಪಿಷ್ಟ ಹೆಚ್ಚು ಚೆನ್ನಾಗಿ ಜೀರ್ಣವಾಗುತ್ತದೆ. ಒಂದರ ಗರಿ ಇನ್ನೊಂದು ಕುಕ್ಕುವ ಚಾಳಿಯೂ ತಗ್ಗುತ್ತದೆ. ಯುರೋಪಿನಲ್ಲಿ 2012ರಿಂದ ಹಳೆಯ ಮಾದರಿಯ ಪಂಜರ ನಿಷೇಧವಾಗಿ, ಕೋಳಿಗಳು ದೊಡ್ಡ ಗುಂಪಿನಲ್ಲಿ ಓಡಾಡತೊಡಗಿದ ಮೇಲೆ ಈ ಕೊನೆಯ ಗುಣಕ್ಕೆ ಬೆಲೆ ಹೆಚ್ಚಿತು.

ಕರ್ನಾಟಕದ ಮೊಟ್ಟೆಕೋಳಿಗೆ ಮೆಕ್ಕೆಜೋಳ, ಸೋಯಾ ಹಿಂಡಿಯೇ ಮುಖ್ಯ. ಬೆಲೆ ನೋಡಿಕೊಂಡು ಎಣ್ಣೆ ತೆಗೆದ ಅಕ್ಕಿ ತವುಡು, ಸೂರ್ಯಕಾಂತಿ ಹಿಂಡಿಯನ್ನೂ ಬೆರೆಸುತ್ತಾರೆ. ತವುಡಿನಲ್ಲಿ ನಾರಿನ ಜೊತೆಗೆ ಫೈಟೇಟ್ ಕೂಡ ವಿಪರೀತ. ಹಾಗಾಗಿ ಇಲ್ಲಿ ಫಿನ್ಲೆಂಡಿನ ಗ್ಲೂಕನೇಸ್‌ಗಿಂತ ಫೈಟೇಸ್ ಹೆಚ್ಚು ಉಪಯುಕ್ತ.