ಭೀಮಾ ತೀರದ ಶಜರಾಗಳು

1400ರ ಸುಮಾರಿಗೆ ಸುಲ್ತಾನ್ ಫಿರೋಜ್ ಶಾಹ್ ಬಹಮನಿಯು ಭೀಮಾ ನದಿಯ ದಡದಲ್ಲಿ ಫಿರೋಜಾಬಾದ್ ನಗರವನ್ನು ಕಟ್ಟಿಸಿದನು. ದೆಹಲಿ ತೊರೆದ ಹಜ್ರತ್ ಖ್ವಾಜಾ ಬಂದೇನವಾಜ್‌ರು ಕಲಬುರಗಿಯಲ್ಲಿ ನೆಲೆಸಿದ್ದೂ ಅದೇ ಕಾಲಘಟ್ಟದಲ್ಲಿ. ಫಿರೋಜಾಬಾದಿನ ಕೋಟೆಗೋಡೆ, ಮಸೀದಿಗಳ ಅವಶೇಷಗಳು ಇಂದಿಗೂ ಉಳಿದಿವೆ.

ಅರಸರ ಚರಿತ್ರೆಯನ್ನು ಕಲ್ಲು ಕಾಯ್ದಿದೆ. ಕೋಟನೂರಿನಿಂದ ಭೀಮಾ ತೀರದವರೆಗಿನ ನಮ್ಮ ಸಾಮಾನ್ಯ ಮನೆತನಗಳ ಚರಿತ್ರೆಯಾದರೋ ಹಳೆಯ ಪೆಟ್ಟಿಗೆಗಳಲ್ಲಿದೆ: ವಂಶಾವಳಿಯ ಶಜರಾ, ನಿಕಾಹ್‌ನಾಮೆ, ನಿಜಾಮರ ಕಾಲದ ಉರ್ದು ಜಮೀನು ಪತ್ರಗಳು. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಮಕ್ಕಳಲ್ಲಿ ಅನೇಕರಿಗೆ ಆ ಲಿಪಿ ಬಾರದು. ಓದಬಲ್ಲ ಹಿರಿಯರು ನಮ್ಮೊಂದಿಗಿರುವಾಗಲೇ ಅವನ್ನು ಕನ್ನಡದಲ್ಲಿ ಬರೆದಿಡೋಣ. ಶಜರಾದಲ್ಲಿ ಸಾಮಾನ್ಯವಾಗಿ ತಂದೆಯರ ಹೆಸರುಗಳಷ್ಟೇ ಇರುತ್ತವೆ. ತಾಯಂದಿರ ಹೆಸರುಗಳನ್ನು ಅಜ್ಜಿಯರಿಂದ ಕೇಳಿ ಸೇರಿಸೋಣ.

ಬಂಧುತ್ವವನ್ನು ಜೋಡಿಸಲು ವಂಶವನ್ನು ಅರಿಯಿರೆಂಬುದು ಪ್ರವಾದಿವರ್ಯರ(ಸ) ಬೋಧನೆ. ತಾಯಿಯ ಕಡೆಯವರನ್ನು ಮರೆತರೆ ಅರ್ಧ ಬಂಧುಗಳನ್ನೇ ಕಳೆದುಕೊಂಡಂತೆ.