ನ್ಯೂಯಾರ್ಕಿನ ಸೇತುವೆಗಳೂ ಸುಂಕದ ನ್ಯಾಯವೂ



ನ್ಯೂಯಾರ್ಕಿನ ಈಸ್ಟ್ ರಿವರ್ ದಾಟುವಾಗ ಟ್ರೈಬರೋ ಸೇತುವೆಗೆ ಸುಂಕವುಂಟು, ಕ್ವೀನ್ಸ್‌ಬರೋ ಸೇತುವೆಗಿಲ್ಲ. ಇದಕ್ಕೆ ಕಾರಣ ಸೇತುವೆಯ ಉದ್ದವಲ್ಲ, ಅದನ್ನು ಕಟ್ಟಿಸಿದವರ ಚರಿತ್ರೆ.

1883ರಲ್ಲಿ ಬ್ರೂಕ್ಲಿನ್ ಸೇತುವೆ ತೆರೆದಾಗ ಕಾಲ್ನಡಿಗೆಯವರೂ ಒಂದು ಸೆಂಟ್ ತೆರಬೇಕಿತ್ತು. ಬ್ರಾಡ್‌ವೇಯಲ್ಲಿ ಇಲ್ಲದ ಸುಂಕದ ಕಟ್ಟೆ ಸೇತುವೆಯ ಮೇಲೇಕೆ ಎಂಬುದು ಮೇಯರ್ ವಿಲಿಯಂ ಗೇನರ್ ಅವರ ವಾದ. 1911ರಲ್ಲಿ ನಗರದ ನಾಲ್ಕು ಸೇತುವೆಗಳೂ ಸುಂಕಮುಕ್ತವಾದವು.

1936ರಲ್ಲಿ ತೆರೆದ ಟ್ರೈಬರೋ ಸೇತುವೆಯ ಕಥೆ ಬೇರೆ. ಅದನ್ನು ಕಟ್ಟಿಸಿದ್ದು ಬಾಂಡ್ ಮಾರಿ ಹಣ ಎತ್ತಬಲ್ಲ ಒಂದು ಪ್ರತ್ಯೇಕ ಪ್ರಾಧಿಕಾರ; ಸುಂಕ 25 ಸೆಂಟ್. ಸಾಲ ತೀರಿದೊಡನೆ ಪ್ರಾಧಿಕಾರವೂ ಮುಗಿಯಬೇಕೆಂಬುದು ಮೂಲ ಆಶಯವಾಗಿತ್ತು. ಅದರ ಮುಖ್ಯಸ್ಥ ರಾಬರ್ಟ್ ಮೋಸಸ್, ಹಳೆಯ ಸಾಲದ ಜಾಗದಲ್ಲಿ ಹೊಸ ಸಾಲ ಎತ್ತುವ ಅಧಿಕಾರವನ್ನು ಶಾಸನದಲ್ಲಿಯೇ ಸೇರಿಸಿಕೊಂಡರು. ಸಾಲ ಮಾಡಿದವನೇ ಅದು ತೀರದಿರಲೆಂದು ಬಯಸಿದ ಅಪರೂಪದ ಪ್ರಸಂಗವಿದು!

1968ರಲ್ಲಿ ಆ ಪ್ರಾಧಿಕಾರ ಸಾರಿಗೆ ಸಂಸ್ಥೆಯೊಡನೆ ಸೇರಿತು; ಸುಂಕದ ಉಳಿತಾಯ ಸಬ್‌ವೇ, ಬಸ್ಸುಗಳಿಗೆ ಹರಿಯಿತು. ರೈಲು ಓಡಿದರೆ ಸೇತುವೆಯ ದಟ್ಟಣೆ ಇಳಿಯುವುದರಿಂದ ಇದು ಒಪ್ಪತಕ್ಕದ್ದೇ. ಆದರೆ ಸ್ಟೇಟನ್ ಐಲೆಂಡಿನವರ ಪಾಡೇನು? ನಗರದ ಉಳಿದ ಭಾಗಕ್ಕೆ ಅವರಿಗಿರುವ ಸೇತುವೆ 1964ರ ವೆರಾಜಾನೊ ಒಂದೇ. ಸಬ್‌ವೇ ಅಲ್ಲಿಗೆ ತಲುಪುವುದೂ ಇಲ್ಲ. ದ್ವೀಪವಾಸಿಗಳಿಗೆ ರಿಯಾಯಿತಿ ದೊರೆತದ್ದು ಔದಾರ್ಯವಲ್ಲ, ನ್ಯಾಯ.

2025ರ ಜನವರಿ 5ರಿಂದ, ಗೇನರ್ ಮುಕ್ತಗೊಳಿಸಿದ ಸೇತುವೆಗಳಿಂದ ಬಂದು ಮ್ಯಾನ್‌ಹಟನ್ನಿನ 60ನೇ ಬೀದಿಯ ಕೆಳಗಿನ ಬೀದಿಗಳಿಗೆ ಇಳಿಯುವ ವಾಹನಗಳಿಗೂ ಶುಲ್ಕ ಬಿತ್ತು. ಈ ಸಲ ಸುಂಕ ಸೇತುವೆಗಲ್ಲ, ಬೀದಿಗೇ.