ಕಾಲುದಾರಿಯ ಪಹಣಿ

ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಪಶ್ಚಿಮ ಅಂಚಿನಲ್ಲಿ ಕುವೋಹಿ ಎಂಬ ಶಿಖರವಿದೆ. ಪೂರ್ವದ ಅಟ್ಲಾಂಟಿಕ್ ದಡದಲ್ಲಿ ಜಾಕೀಸ್ ರಿಜ್ ಎಂಬ ಮರಳದಿಣ್ಣೆ. ಇವೆರಡನ್ನು ಜೋಡಿಸುವ ಕಾಲುದಾರಿಗೆ ಮೌಂಟನ್ಸ್ ಟು ಸೀ ಟ್ರೇಲ್ ಎಂದು ಹೆಸರು. ಉದ್ದ ಸುಮಾರು 1,175 ಮೈಲಿ, ಅಂದರೆ 1,900 ಕಿಲೋಮೀಟರಿಗೆ ಹತ್ತಿರ. ಅದರಲ್ಲಿ ರಸ್ತೆ ಬಿಟ್ಟು ನಡೆಯಬಹುದಾದ ಜಾಡು ಸುಮಾರು 700 ಮೈಲಿ ಮಾತ್ರ. ಉಳಿದ ಬಹುಪಾಲು ಹಳ್ಳಿಗಾಡಿನ ಡಾಂಬರು ರಸ್ತೆಯ ಅಂಚಿನಲ್ಲಿ, ಕಾರು ಲಾರಿಗಳ ಪಕ್ಕದಲ್ಲೇ ಸಾಗುತ್ತದೆ. 1977ರಲ್ಲಿ ಪ್ರಸ್ತಾಪವಾದ ಈ ದಾರಿ ಅರ್ಧ ಶತಮಾನ ತುಂಬುತ್ತ ಬಂದರೂ ಮುಗಿದಿಲ್ಲ. ಉದ್ದಕ್ಕೂ ನಡೆಯಲು ಹೊರಟವರು ತಿಂಗಳುಗಟ್ಟಲೆ ಮೊದಲೇ ನಕ್ಷೆ ಹರಡಿಕೊಂಡು ಕೂರುತ್ತಾರೆ. ರಾತ್ರಿ ಎಲ್ಲಿ ಮಲಗುವುದು, ನೀರು ಎಲ್ಲಿ ತುಂಬಿಕೊಳ್ಳುವುದು, ಬೇಟೆಯ ಕಾಲದಲ್ಲಿ ಯಾವ ಕಾಡು ದಾಟುವುದು ಎಂಬ ಅವರ ಪ್ರಶ್ನೆಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಈ ನೆಲ ಯಾರದ್ದು? ಹಾಗಾಗಿ ಈ ದಾರಿಯ ನಕ್ಷೆಯನ್ನು ಪಹಣಿ ಓದುವಂತೆ ಓದಬೇಕು. ಸರ್ವೆ ನಂಬರಿನ ಹಿಂದೆ ಖಾತೆ ಬದಲಾವಣೆಗಳ ಸಾಲು ಇರುವಂತೆ, ಸಿದ್ಧವಾದ ಪ್ರತಿ ಮೈಲಿಯ ಹಿಂದೆಯೂ ನೆಲ ಕೈಬದಲಾದ ಕಥೆಯಿದೆ. ದಾರಿ ಕಡಿದುಹೋಗಿರುವ ಕಡೆಗಳನ್ನು ಸರ್ಕಾರಿ ಸೋಮಾರಿತನದ ಗುರುತೆಂದು ತಿಳಿಯುವುದು ತಪ್ಪು ಎಂಬುದು ನನ್ನ ವಾದ. ಅಲ್ಲಿ ಸಾಮಾನ್ಯ ಜನ ತಮ್ಮ ಜಮೀನನ್ನು ಉಳಿಸಿಕೊಂಡಿದ್ದಾರೆ, ಅಷ್ಟೇ.

ಪಶ್ಚಿಮದ ಬೆಟ್ಟಗಳಲ್ಲಿ ದಾರಿ ಬಹುಮಟ್ಟಿಗೆ ಅಖಂಡ. ಅದು ಹೇಗೆ ಅಖಂಡವಾಯಿತು ಎಂದು ಕೆದಕಿದರೆ ಮನಸ್ಸು ಭಾರವಾಗುತ್ತದೆ. ಕುವೋಹಿ ಎಂದರೆ ಚೆರೋಕೀ ಭಾಷೆಯಲ್ಲಿ ಹಿಪ್ಪುನೇರಳೆಯ ಜಾಗ. ಕ್ಲಿಂಗ್‌ಮನ್ಸ್ ಡೋಮ್ ಎಂದು ಬಹುಕಾಲ ಕರೆಸಿಕೊಂಡ ಈ ಶಿಖರಕ್ಕೆ ಮೂಲ ಹೆಸರು ಅಧಿಕೃತವಾಗಿ ಮರಳಿದ್ದು 2024ರಲ್ಲಿ. ಚೆರೋಕೀ ಜನರಲ್ಲಿ ಹೆಚ್ಚಿನವರನ್ನು 1838ರಲ್ಲಿ ಸೈನ್ಯ ಬಲವಂತವಾಗಿ ಪಶ್ಚಿಮಕ್ಕೆ ಅಟ್ಟಿತು. ಬೆಟ್ಟಗಳಲ್ಲೇ ಉಳಿದುಕೊಂಡ ಕೆಲವರ ಸಂತತಿ ಇಂದಿಗೂ ಶಿಖರದ ಕೆಳಗಿನ ಕಣಿವೆಯಲ್ಲಿದೆ. ಆಮೇಲೆ ಬಂದವು ಮರದ ಕಂಪನಿಗಳು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಇಳಿಜಾರುಗಳು ಬೋಳಾಗಿ, ಮಣ್ಣು ಹೊಳೆ ಸೇರತೊಡಗಿತ್ತು. ನದಿಮೂಲಗಳನ್ನು ಕಾಪಾಡಲು ಖಾಸಗಿ ಜಮೀನನ್ನು ಕೇಂದ್ರ ಸರ್ಕಾರ ಕೊಳ್ಳಬಹುದು ಎಂದು 1911ರ ವೀಕ್ಸ್ ಕಾಯ್ದೆ ಅವಕಾಶ ಕೊಟ್ಟಿತು, ಅದರಡಿ ಕೊಂಡ ಮೊದಲ ತುಂಡೇ ಈ ರಾಜ್ಯದ ಕರ್ಟಿಸ್ ಕ್ರೀಕ್ ಬಳಿಯ ಸುಮಾರು 8,100 ಎಕರೆ. 1916ರಲ್ಲಿ ಪಿಸ್ಗಾ ರಾಷ್ಟ್ರೀಯ ಅರಣ್ಯ ಹುಟ್ಟಿತು. 1934ರಲ್ಲಿ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನವಾಯಿತು. ಅದಕ್ಕಾಗಿ ಕಣಿವೆಗಳ ರೈತ ಕುಟುಂಬಗಳು ಮನೆ, ಇಗರ್ಜಿ, ಹಿರಿಯರ ಸಮಾಧಿಗಳನ್ನು ಬಿಟ್ಟು ಹೋಗಬೇಕಾಯಿತು. 1935ರಲ್ಲಿ ಬ್ಲೂ ರಿಜ್ ಪಾರ್ಕ್‌ವೇ ರಸ್ತೆಯ ಕೆಲಸ ಶುರುವಾಗಿ, ಬೆಟ್ಟದ ನೆತ್ತಿಯುದ್ದಕ್ಕೂ ಸರ್ಕಾರಿ ನೆಲದ ಒಂದು ಪಟ್ಟಿ ಸಿಕ್ಕಿತು. ಇಂದಿನ ಚಾರಣಿಗರು ದಿನಗಟ್ಟಲೆ ನಡೆಯುವುದು ಈ ಪಟ್ಟಿಯಲ್ಲೇ. ಹೀಗೆ, ಜನ ನೆಲ ಕಳೆದುಕೊಂಡ ಕಡೆಯಲ್ಲೇ ದಾರಿ ಪೂರ್ತಿಯಾಗಿದೆ.

ನಡುನಾಡಿನಲ್ಲೂ ಇದೇ ಸೂತ್ರ ಕಾಣುತ್ತದೆ. ರಾಜಧಾನಿ ರಾಲಿಯ ಉತ್ತರಕ್ಕೆ ಫಾಲ್ಸ್ ಲೇಕ್ ಎಂಬ ಜಲಾಶಯದ ದಡದಲ್ಲಿ ಸುಮಾರು 60 ಮೈಲಿ ಚೆಂದದ ಕಾಡುದಾರಿ ಒಮ್ಮೆಗೇ ಸಿಗುತ್ತದೆ. ಕಾರಣ, ನ್ಯೂಸ್ ನದಿಗೆ ಸೇನೆಯ ಎಂಜಿನಿಯರುಗಳು ಕಟ್ಟಿ 1981ರಲ್ಲಿ ಮುಗಿಸಿದ ಅಣೆಕಟ್ಟು. ಮುಳುಗಡೆ ಎಂಬ ಪದವನ್ನು ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಲ ನೀರಿನಡಿ ಹೋಯಿತು, ದಡ ಸರ್ಕಾರದ್ದಾಯಿತು, ದಡದ ಮೇಲೆ ದಾರಿ ಬಂತು. ರಾಲಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ನಲ್ಲಿಗೆ ಬರುವ ನೀರೂ ಇದೇ ಜಲಾಶಯದ್ದು. ಇನ್ನೂ ಪಶ್ಚಿಮಕ್ಕೆ, ಹಾ ನದಿಯ ದಂಡೆಯಲ್ಲಿ, ದಾರಿ 1880ರ ಗ್ಲೆಂಕೋ ಹತ್ತಿ ಗಿರಣಿಯ ಹಳ್ಳಿಯ ಮೂಲಕ ಹಾಯುತ್ತದೆ. ಅಲ್ಲಿ ನೆಲ ತೆರವಾದದ್ದು ಗಿರಣಿಯ ಕಾಲ ಮುಗಿದದ್ದರಿಂದ.

ಈ ಹಿನ್ನೆಲೆಯಲ್ಲಿ 1977ರ ಪ್ರಸ್ತಾಪದ ಹೊಸತನ ಏನೆಂದು ನೋಡಬೇಕು. ಪ್ರಸ್ತಾಪ ಇಟ್ಟವರು ಹೋವರ್ಡ್ ಲೀ. 1969ರಲ್ಲಿ, ಬಿಳಿಯರೇ ಹೆಚ್ಚಾಗಿದ್ದ ಚಾಪಲ್ ಹಿಲ್ ಪಟ್ಟಣದ ಮೇಯರ್ ಆಗಿ ಗೆದ್ದ ಆಫ್ರಿಕನ್ ಅಮೆರಿಕನ್. ಪ್ರಸ್ತಾಪದ ಹೊತ್ತಿಗೆ ರಾಜ್ಯ ಸಂಪುಟದಲ್ಲಿ ನೈಸರ್ಗಿಕ ಸಂಪನ್ಮೂಲ ಮತ್ತು ಸಮುದಾಯ ಅಭಿವೃದ್ಧಿಯ ಹೊಣೆ ಹೊತ್ತಿದ್ದವರು. ಲೇಕ್ ಜುನಲಸ್ಕಾದಲ್ಲಿ ನಡೆದ ಕಾಲುದಾರಿಗಳ ಸಮ್ಮೇಳನದಲ್ಲಿ, ಬೆಟ್ಟದಿಂದ ಕಡಲಿನವರೆಗೆ ಊರೂರನ್ನು ಪೋಣಿಸುವ ದಾರಿಯ ಮಾತನ್ನು ಅವರು ಎತ್ತಿದರು. ಅಮೆರಿಕದ ಹೆಸರಾಂತ ದೀರ್ಘ ಚಾರಣದ ದಾರಿಗಳು ಮನುಷ್ಯರಿಲ್ಲದ ಎತ್ತರಗಳನ್ನು ಹುಡುಕಿಕೊಂಡು ಹೋಗುತ್ತವೆ. ಈ ದಾರಿ ಮಾತ್ರ ಬೆಟ್ಟದ ಸಾಲನ್ನು ಬಿಟ್ಟು ಜನವಸತಿಯೊಳಕ್ಕೆ, ಹೊಗೆಸೊಪ್ಪಿನ ಹೊಲಗಳೊಳಕ್ಕೆ ಇಳಿಯಬೇಕಿತ್ತು. ಈ ರಾಜ್ಯದ ಉದ್ಯಾನಗಳು 1960ರ ದಶಕದವರೆಗೂ ಬಣ್ಣ ನೋಡಿ ಒಳಬಿಡುತ್ತಿದ್ದವು ಎಂಬುದನ್ನು ಮರೆತರೆ ಲೀ ಅವರ ಆಸೆಯ ತೂಕ ತಿಳಿಯುವುದಿಲ್ಲ. ಇಂದು ದಾರಿ ಹಾದುಹೋಗುವ ಜೋನ್ಸ್ ಲೇಕ್ ಉದ್ಯಾನ 1939ರಲ್ಲಿ ತೆರೆದದ್ದು ಕಪ್ಪು ಜನರಿಗೆಂದೇ ಪ್ರತ್ಯೇಕವಾಗಿ. ಪ್ರಸ್ತಾಪ ಇಟ್ಟವರೇ ಎಳೆಯ ವಯಸ್ಸಿನಲ್ಲಿ ಈ ರಾಜ್ಯದಲ್ಲಿದ್ದಿದ್ದರೆ, ಬಿಳಿಯರ ಉದ್ಯಾನಗಳ ಗೇಟು ಅವರಿಗೆ ತೆರೆಯುತ್ತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅಪಲೇಷಿಯನ್ ಟ್ರೇಲ್ ಎಂಬ ಹೆಸರಾಂತ ಚಾರಣದ ದಾರಿ ಇದರ ಸುಮಾರು ಎರಡರಷ್ಟು ಉದ್ದ. 1921ರಲ್ಲಿ ಯೋಚನೆ, 1937ಕ್ಕೆ ಮುಗಿತಾಯ. ಹದಿನಾರು ವರ್ಷದಲ್ಲಿ ಆಗಿದ್ದು ಇಲ್ಲಿ ಐವತ್ತು ವರ್ಷವಾದರೂ ಆಗದಿದ್ದರೆ ಅದು ಇಚ್ಛಾಶಕ್ತಿಯ ಕೊರತೆಯಲ್ಲವೇ? ಹೋಲಿಕೆ ಮೇಲ್ನೋಟಕ್ಕೆ ಬಲವಾಗಿದೆ. ಆದರೆ 1937ರಲ್ಲಿ ಆ ದಾರಿಯ ದೊಡ್ಡ ಭಾಗ ರಸ್ತೆಯ ಮೇಲೂ ಖಾಸಗಿ ಜಮೀನಿನ ಮೇಲೂ ಇತ್ತು. ಮಾಲೀಕರ ಮನಸ್ಸು ಬದಲಾದಂತೆ ಜಾಡೂ ಬದಲಾಗುತ್ತಿತ್ತು. ಅದನ್ನು ಗಟ್ಟಿ ಮಾಡಲು 1968ರ ರಾಷ್ಟ್ರೀಯ ಕಾಯ್ದೆ, 1978ರ ತಿದ್ದುಪಡಿ, ಕೇಂದ್ರದ ಹಣ, ಅದರ ಮೇಲೆ ಮತ್ತೆ ದಶಕಗಳ ಖರೀದಿ ಬೇಕಾಯಿತು. ಆ ಹಣವೂ ಆ ಅಧಿಕಾರವೂ ಈ ದಾರಿಗೆ ಎಂದೂ ಸಿಗಲಿಲ್ಲ. 1973ರಲ್ಲಿ ರಾಜ್ಯದ್ದೇ ಕಾಲುದಾರಿ ಕಾಯ್ದೆ ಬಂದಿತ್ತು ನಿಜ, ದಾರಿಗೆ ರಾಜ್ಯ ಉದ್ಯಾನದ ಸ್ಥಾನ ಸಿಕ್ಕಿದ್ದು 2000ದಲ್ಲಿ. ನಡುವೆ ಕನಸನ್ನು ಉಳಿಸಿದವರು ಸ್ವಯಂಸೇವಕರು. ಅಲೆನ್ ಡಿ ಹಾರ್ಟ್ ಎಂಬ ಕಾಲೇಜು ಅಧ್ಯಾಪಕರು 1997ರಲ್ಲಿ ದಾರಿಯ ಗೆಳೆಯರ ಸಂಘ ಕಟ್ಟಿ, ಅದೇ ವರ್ಷ ಅಲನ್ ಹೌಸ್‌ಹೋಲ್ಡರ್ ಜತೆ ಇಡೀ ರಾಜ್ಯವನ್ನು ನಡೆದು ತೋರಿಸಿದರು. ಆಗ ಜಾಡು ಇಂದಿಗಿಂತಲೂ ಬಹಳ ಕಡಿಮೆ ಇತ್ತು. ನಡೆದ ಮೇಲೆ ದಾರಿ ಉಂಟಾಯಿತೇ ಹೊರತು ದಾರಿ ಇದ್ದುದಕ್ಕೆ ನಡೆದದ್ದಲ್ಲ.

ಹಾಗಾದರೆ ಈಗಲೇ ಭೂಸ್ವಾಧೀನ ಮಾಡಿ ಮುಗಿಸಬಾರದೇ ಎಂದು ಕೇಳುವವರಿದ್ದಾರೆ. ರಸ್ತೆಯಂಚಿನ ನಡಿಗೆಯ ಅಪಾಯ ಸಣ್ಣದೇನಲ್ಲ. ಪೂರ್ವದ ಬಯಲಿನಲ್ಲಿ ಕೆಲವೆಡೆ ಕಾಲಿಡಲು ಪಕ್ಕದಲ್ಲಿ ಅಂಗೈ ಅಗಲದ ಮಣ್ಣಿರುವುದಿಲ್ಲ, ಡೇರೆ ಹಾಕಲು ಜಾಗವಿರುವುದಿಲ್ಲ, ಕಟ್ಟದೆ ಬಿಟ್ಟ ನಾಯಿಗಳ ಭಯ ಬೇರೆ. ಈ ಆತುರಕ್ಕೆ ಮಾನವೀಯ ಕಾರಣ ಇದೆಯೆಂದು ಒಪ್ಪುತ್ತೇನೆ. ಆದರೂ ಸ್ಮೋಕಿ ಬೆಟ್ಟಗಳಲ್ಲಿ ಮನೆ ಬಿಟ್ಟವರ ನೋವು ಮೊಮ್ಮಕ್ಕಳ ಕಾಲದವರೆಗೂ ಆರಲಿಲ್ಲ. ಊರೂರನ್ನು ಪೋಣಿಸಲೆಂದು ಹೊರಟ ದಾರಿ ಊರಿನವರ ಹೊಲವನ್ನು ಕಿತ್ತುಕೊಂಡರೆ ಪೋಣಿಸುವ ಮಾತಿಗೆ ಅರ್ಥ ಉಳಿಯುವುದಿಲ್ಲ. ಒಪ್ಪಿ ಕೊಡುವವರಿಂದ ತುಂಡು ತುಂಡಾಗಿ ಪಡೆಯುವುದು ನಿಧಾನ. ಆ ನಿಧಾನವನ್ನು ನಾನು ಸಮರ್ಥಿಸುತ್ತೇನೆ. ದಾರಿಯ ಪೂರ್ವಾರ್ಧವನ್ನು ನ್ಯೂಸ್ ನದಿಯ ಜಾಡಿನಿಂದ ತೆಗೆದು ದಕ್ಷಿಣಕ್ಕೆ ಬಾಗಿಸಿದ್ದೂ ಇದೇ ವಿವೇಕ. ನದಿಯಂಚಿನ ಖಾಸಗಿ ಜಮೀನುಗಳಿಗಾಗಿ ಕಾಯುತ್ತ ಕೂರದೆ, 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೇಂದ್ರ ಕೊಂಡ ಸವೆದ ಜಮೀನಿನ ಬ್ಲೇಡನ್ ಕಾಡು, ಮೂರ್ಸ್ ಕ್ರೀಕ್ ಎಂಬ 1776ರ ರಣಭೂಮಿ, ಹಾಲಿ ಶೆಲ್ಟರ್ ಬೇಟೆಕಾಡು, ಕ್ರೊಯೇಟನ್ ರಾಷ್ಟ್ರೀಯ ಅರಣ್ಯ ಹೀಗೆ ಆಗಲೇ ಸಾರ್ವಜನಿಕವಾಗಿದ್ದ ನೆಲಗಳನ್ನು ಜೋಡಿಸಿದರು. 2017ರಲ್ಲಿ ಶಾಸನಸಭೆ ಇದಕ್ಕೆ ಒಪ್ಪಿಗೆ ಕೊಟ್ಟಿತು.

ಸಾರ್ವಜನಿಕ ನೆಲವೆಲ್ಲ ಯಾರದೋ ನಷ್ಟದಿಂದಲೇ ಬಂತು ಎಂದರೆ ಉತ್ಪ್ರೇಕ್ಷೆಯಾಗುತ್ತದೆ. ಡರ್ಹಮ್ ಬಳಿಯ ಈನೋ ನದಿಗೆ ಅಣೆಕಟ್ಟು ಕಟ್ಟುವ ಯೋಜನೆಯ ವಿರುದ್ಧ 1960ರ ದಶಕದಲ್ಲಿ ಮಾರ್ಗರೆಟ್ ನೈಗಾರ್ಡ್ ಮತ್ತು ನೆರೆಹೊರೆಯವರು ಸಂಘ ಕಟ್ಟಿದರು. ಅಣೆಕಟ್ಟಿನ ಯೋಜನೆ ನಿಂತುಹೋಯಿತು, ಮುಂದಿನ ದಶಕದಲ್ಲಿ ನದಿ ಉದ್ಯಾನವಾಯಿತು, ಇಂದು ಬಿಳಿ ವೃತ್ತದ ಗುರುತು ಹೊತ್ತ ದಾರಿ ಅದರ ದಂಡೆಯಲ್ಲೇ ಸಾಗುತ್ತದೆ. ದಾರಿಯ ಕೊನೆಯ ತಾಣಕ್ಕೂ ಇಂಥದೇ ಕಥೆ. ಸೀಡರ್ ಐಲೆಂಡಿನಿಂದ ದೋಣಿ ಹತ್ತಿ ಎರಡು ತಾಸಿಗೂ ಹೆಚ್ಚು ಹೊತ್ತು ನೀರಿನ ಮೇಲೆ ಸಾಗಿ ಓಕ್ರಕೋಕ್ ದ್ವೀಪ ಮುಟ್ಟಿ, ಮತ್ತೊಂದು ದೋಣಿಯಲ್ಲಿ ಹ್ಯಾಟರಸ್ ಸೇರಿ, ಕಡಲತೀರದಲ್ಲಿ ಉತ್ತರಕ್ಕೆ ನಡೆದವರು ಜಾಕೀಸ್ ರಿಜ್ ಏರುತ್ತಾರೆ. 1973ರಲ್ಲಿ ಮನೆಗಳ ಬಡಾವಣೆಗಾಗಿ ಈ ದಿಣ್ಣೆಯನ್ನು ಬಗೆಯಲು ಬಂದ ಬುಲ್ಡೋಜರಿಗೆ ಕ್ಯಾರೊಲಿಸ್ಟಾ ಬಾಮ್ ಎಂಬ ಸ್ಥಳೀಯ ಮಹಿಳೆ ಎದುರು ನಿಂತರು, ಅದು ಕೆಲಸ ನಿಲ್ಲಿಸಿ ತಿರುಗಿಹೋಯಿತು. 1975ರಲ್ಲಿ ದಿಣ್ಣೆ ರಾಜ್ಯ ಉದ್ಯಾನವಾಯಿತು. ಗಾಳಿ ಬೀಸಿದಂತೆಲ್ಲ ಅಲ್ಲಿನ ಮರಳು ಸರಿಯುತ್ತಲೇ ಇರುತ್ತದೆ. 1,175 ಮೈಲಿ ನಡೆದು ಬಂದವರ ಹೆಜ್ಜೆ ಮರುದಿನ ಅಲ್ಲಿ ಕಾಣುವುದಿಲ್ಲ.